ಕರಿಹೇನಿಗೆ ಒಂದು ವಾರ, ಗುಲಗಂಜಿ ಹುಳುವಿಗೆ ಮೂರು ವಾರ

ಈ ಬಾಟಲಿಯಲ್ಲಿ ಒಂದು ಅವರೆ ಕುಡಿ ಇದೆ. ನೋಡಿ, ಹಿಂದಿನ ಸಾಲಿನವರಿಗೆ ಕೊಡಿ. ಜೋರಾಗಿ ಅಲ್ಲಾಡಿಸಬೇಡಿ, ಉದುರಿಬಿಡುತ್ತವೆ. ಎಳೆ ಕಾಂಡ, ಹೂವಿನ ತೊಟ್ಟು, ಈಗಷ್ಟೇ ಕಟ್ಟಿದ ಕಾಯಿ, ಎಲ್ಲ ಕಡೆ ಕರಿ ಎಳ್ಳು ಮೆತ್ತಿದ ಹಾಗಿದೆಯಲ್ಲ, ಅದೇ ಕರಿಹೇನು. ಹೊಳೆಯುವ ಕಪ್ಪು ಬಣ್ಣದವು ಬೆಳೆದವು. ಮಂಕಾಗಿ, ಬೂದು ಬಣ್ಣದಲ್ಲಿರುವ ಚಿಕ್ಕವು ಮರಿಗಳು. ಬೆಳೆದದ್ದೂ 2 ಮಿಲಿಮೀಟರ್ ಆಸುಪಾಸು, ಅಷ್ಟೇ. ಪುಸ್ತಕದಲ್ಲಿ ಇದರ ಹೆಸರು ಏಫಿಸ್ ಕ್ರಾಸಿವೋರಾ. ಅವರೆ, ಅಲಸಂದೆ, ಕಡಲೆಕಾಯಿ, ಬೇಲಿಯ ಗ್ಲಿರಿಸೀಡಿಯಾ, ಇದು ಎಲ್ಲದರ ಮೇಲೂ ಬರುತ್ತದೆ. ಬೇಳೆಕಾಳಿನ ಜಾತಿಯೆಂದರೆ ಇದಕ್ಕೆ ಪ್ರಾಣ.

ಎರಡನೇ ಬಾಟಲಿಯಲ್ಲಿ ಗುಲಗಂಜಿ ಹುಳು ಇದೆ. ನಮ್ಮ ಹೊಲಗಳಲ್ಲಿ ಹಲವು ಜಾತಿಯ ಗುಲಗಂಜಿ ಹುಳುಗಳಿವೆ. ನಾನು ತಂದಿರುವುದು ಚೀಲೋಮಿನಿಸ್ ಸೆಕ್ಸ್‌ಮ್ಯಾಕ್ಯುಲೇಟಾ. ಹಳದಿ ಅಥವಾ ಕಿತ್ತಳೆ ಬೆನ್ನು, ಅದರ ಮೇಲೆ ಅಂಕುಡೊಂಕಾದ ಕಪ್ಪು ಪಟ್ಟೆ. ಆ ಪಟ್ಟೆ ನೋಡಿಯೇ ಗುರುತು ಹಿಡಿಯಬಹುದು. ಉದ್ದ ಸುಮಾರು 5 ಮಿಲಿಮೀಟರ್. ಕರ್ನಾಟಕದ ಯಾವ ಮೂಲೆಗೆ ಹೋದರೂ ಹೇನು ಬಿದ್ದ ಬೆಳೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಇದೇ.

ಒಂದು ನಮ್ಮ ಶತ್ರು, ಇನ್ನೊಂದು ಮಿತ್ರ ಅಂತ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಹೊಲದ ತುಂಬ ಗುಲಗಂಜಿ ಹುಳು ಓಡಾಡುತ್ತಿದ್ದರೂ ಕೆಲವು ವರ್ಷ ಹೇನು ಬೆಳೆಯನ್ನು ಹಾಳು ಮಾಡುತ್ತದೆ, ಯಾಕೆ? ಇವೆರಡರ ಬಾಯಿ, ಮೈ, ಹೆರಿಗೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇವು ಬೆಳೆಯಲು ತೆಗೆದುಕೊಳ್ಳುವ ದಿನಗಳನ್ನು ಲೆಕ್ಕ ಹಾಕಬೇಕು.

ಮೊದಲು ಹೇನಿನ ಬಾಯಿ. ಇದಕ್ಕೆ ಅಗಿಯುವ ಹಲ್ಲಿಲ್ಲ. ಕೂದಲಿಗಿಂತ ತೆಳ್ಳಗಿನ ಸೂಜಿ ಇದೆ. ಆ ಸೂಜಿಯನ್ನು ಎಳೆ ಕಾಂಡದೊಳಗೆ ಇಳಿಸುತ್ತದೆ. ಗಿಡದ ಜೀವಕೋಶಗಳ ನಡುವಿನ ಸಂದಿಯಲ್ಲಿ ದಾರಿ ಮಾಡಿಕೊಂಡು, ಎಲೆಯಲ್ಲಿ ತಯಾರಾದ ಸಕ್ಕರೆ ಹರಿಯುವ ನಾಳದವರೆಗೆ ತಲುಪಿಸುತ್ತದೆ. ನಾಳದೊಳಗೆ ಒತ್ತಡ ಇರುತ್ತದೆ. ಹಾಗಾಗಿ ರಸ ತಾನಾಗಿಯೇ ಮೇಲೇರಿ ಬಾಯಿಗೆ ಬರುತ್ತದೆ. ಹೇನು ಒಂದೇ ಕಡೆ ಗಂಟೆಗಟ್ಟಲೆ ಕೂತಿರುವುದು ಇದಕ್ಕೇ. ಸೂಜಿ ಒಳಗಿದ್ದಾಗ ಏಕಾಏಕಿ ಓಡಲೂ ಆಗುವುದಿಲ್ಲ, ಮೊದಲು ಅದನ್ನು ಹೊರಗೆಳೆದುಕೊಳ್ಳಬೇಕು.

ಈ ಊಟದಲ್ಲಿ ಒಂದು ಕೊರತೆ ಇದೆ. ನಾಳದ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಕಟ್ಟಲು ಬೇಕಾದ ಅಮೈನೋ ಆಮ್ಲ ಕಮ್ಮಿ. ಬೇಕಾದಷ್ಟು ಸಾರ ಸಿಗಬೇಕಾದರೆ ರಸವನ್ನು ಸಿಕ್ಕಾಪಟ್ಟೆ ಕುಡಿಯಬೇಕು. ಹೆಚ್ಚಾದ ಸಕ್ಕರೆ ನೀರನ್ನು ಹಿಂದಿನಿಂದ ಹೊರಹಾಕಬೇಕು. ಎಲೆ ಮುಟ್ಟಿದರೆ ಕೈಗೆ ಅಂಟುತ್ತದಲ್ಲ, ಅದು ಇದೇ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಬಿಸಿಲು ಬೀಳದ ಹಾಗೆ ಮಾಡುತ್ತದೆ. ಇಷ್ಟಾದರೂ ಕೆಲವು ಅಮೈನೋ ಆಮ್ಲಗಳು ಸಾಲುವುದಿಲ್ಲ. ಅವನ್ನು ತಯಾರಿಸಿ ಕೊಡಲು ಹೇನಿನ ಮೈಯೊಳಗೇ ಬುಕ್ನೇರಾ ಎಂಬ ಬ್ಯಾಕ್ಟೀರಿಯಾ ಇದೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದು ಮರಿಗೆ ದಾಟುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಬಾಳುವುದಿಲ್ಲ.

ಅಂಟಿಗೆ ಇರುವೆ ಬರುತ್ತದೆ. ಸುಮ್ನೆ ಬಂದು ನೆಕ್ಕಿ ಹೋಗುವುದಿಲ್ಲ, ಕಾವಲು ಕಾಯುತ್ತದೆ. ಗುಲಗಂಜಿ ಹುಳು ಹತ್ತಿರ ಬಂದರೆ ಕಾಲು ಕಚ್ಚಿ ಓಡಿಸುತ್ತದೆ, ಅದರ ಮರಿಯನ್ನು ಎಳೆದು ಕೆಳಗೆ ಬೀಳಿಸುತ್ತದೆ. ಅವರೆ ಗಿಡದಲ್ಲಿ ಇರುವೆ ಸಾಲು ಹತ್ತಿ ಇಳಿಯುತ್ತಿದ್ದರೆ ಆ ಸಾಲಿನ ಹಿಂದೆಯೇ ಹೋಗಿ ನೋಡಿ, ತುದಿಯಲ್ಲಿ ಹೇನು ಸಿಕ್ಕೇ ಸಿಗುತ್ತದೆ.

ಈಗ ಹೆರಿಗೆಯ ವಿಷಯಕ್ಕೆ ಬರೋಣ. ನಮ್ಮ ಬೆಚ್ಚಗಿನ ನಾಡಿನಲ್ಲಿ ನೀವು ನೋಡುವ ಕರಿಹೇನುಗಳೆಲ್ಲ ಸಾಮಾನ್ಯವಾಗಿ ಹೆಣ್ಣೇ. ಗಂಡು ಬೇಡ, ಕೂಡುವ ಗೋಜಿಲ್ಲ. ಮೊಟ್ಟೆಯೂ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಮರಿಯೂ ಹೆಣ್ಣೇ. ಸೋಜಿಗ ಇನ್ನೂ ಮುಂದಿದೆ. ತಾಯಿಯ ಹೊಟ್ಟೆಯಲ್ಲಿ ಮಗಳು ಬೆಳೆಯುತ್ತಿರುವಾಗಲೇ ಆ ಮಗಳ ಹೊಟ್ಟೆಯಲ್ಲಿ ಮೊಮ್ಮಗಳು ರೂಪುಗೊಳ್ಳಲು ಶುರುವಾಗಿರುತ್ತದೆ. ಮೂರು ತಲೆಮಾರು ಒಂದೇ ಮೈಯಲ್ಲಿ. ಹುಟ್ಟುವ ಮುಂಚೆಯೇ ಬಸುರಿ ಅಂದರೆ ಇದೇ.

ಹುಟ್ಟಿದ ಮರಿ ನಾಲ್ಕು ಸಲ ಪೊರೆ ಬಿಡುತ್ತದೆ. ಹಿತವಾದ ಹವೆ ಇದ್ದರೆ ಸುಮಾರು ಒಂದು ವಾರಕ್ಕೆ ತಾನೇ ತಾಯಿ. ಒಂದು ಊಹೆಯ ಲೆಕ್ಕ ಹಾಕೋಣ. ಇವತ್ತು ಒಂದೇ ಒಂದು ಮರಿ ಹುಟ್ಟಿತು. 7ನೇ ದಿನದಿಂದ ದಿನಕ್ಕೆ 5 ಮರಿ ಹಾಕುತ್ತದೆ, ಒಂದೂ ಸಾಯುವುದಿಲ್ಲ ಅಂದುಕೊಳ್ಳಿ. ಎರಡು ವಾರಕ್ಕೆ ತಾಯಿಯೂ ಸೇರಿ 36 ಆಗುತ್ತವೆ. ಮೂರನೇ ವಾರ ಮಕ್ಕಳೂ ಹೆರಲು ಶುರುಮಾಡುತ್ತವೆ. ಆ ವಾರ ಮುಗಿಯುವ ಹೊತ್ತಿಗೆ 771. ಹೊಲದಲ್ಲಿ ಅಷ್ಟು ಆಗುವುದಿಲ್ಲ, ಬಹಳಷ್ಟು ಸಾಯುತ್ತವೆ. ಆದರೂ ಎರಡನೇ ವಾರಕ್ಕೂ ಮೂರನೇ ವಾರಕ್ಕೂ ಇರುವ ಆ ಜಿಗಿತವನ್ನು ಗಮನಿಸಿ. ಮೋಡ ಮುಚ್ಚಿಕೊಂಡ ನಾಲ್ಕು ದಿನದಲ್ಲಿ ಹೊಲವೆಲ್ಲ ಹೇನಾಯಿತು ಅಂತ ರೈತರು ಹೇಳುವುದು ಸುಮ್ಮನೆ ಅಲ್ಲ. ಅಷ್ಟು ದಿನ ಕಣ್ಣಿಗೆ ಬೀಳದೆ ಇದ್ದದ್ದು ಆಗ ಒಮ್ಮೆಲೇ ಎದ್ದು ಕಾಣುತ್ತದೆ.

ಕುಡಿಯಲ್ಲಿ ಜಾಗ ಸಾಲದಾದಾಗ, ಗಿಡ ಬಲಿತು ರಸ ಸಪ್ಪೆಯಾದಾಗ, ಹುಟ್ಟುವ ಮರಿಗಳಲ್ಲಿ ಕೆಲವು ರೆಕ್ಕೆ ಬೆಳೆಸಿಕೊಳ್ಳುತ್ತವೆ. ಅವು ಗಾಳಿಯಲ್ಲಿ ತೇಲಿ ಬೇರೆ ಹೊಲಕ್ಕೆ ಹೋಗುತ್ತವೆ. ಇಳಿದ ಗಿಡ ತನಗೆ ಸರಿಹೊಂದುತ್ತದೆಯೇ ಎಂದು ಸೂಜಿ ಚುಚ್ಚಿ ರುಚಿ ನೋಡುತ್ತವೆ. ಈ ರುಚಿ ನೋಡುವ ಕೆಲಸ ನಿಮಿಷದೊಳಗೆ ಮುಗಿಯುತ್ತದೆ. ಅಷ್ಟರಲ್ಲಿಯೇ ಹಲವು ನಂಜುರೋಗಗಳು ಒಂದು ಗಿಡದಿಂದ ಇನ್ನೊಂದಕ್ಕೆ ದಾಟಿಬಿಡುತ್ತವೆ. ಔಷಧ ಹೊಡೆದರೂ ಇಂಥ ನಂಜುರೋಗ ನಿಲ್ಲದಿರುವುದು ಅದಕ್ಕೇ. ಔಷಧಕ್ಕೆ ಹೇನು ಸಾಯುವ ಮುಂಚೆಯೇ ರೋಗ ಅಂಟಿರುತ್ತದೆ.

ಈಗ ಗುಲಗಂಜಿ ಹುಳು. ಇದು ಬದುಕುವ ರೀತಿಯೇ ಬೇರೆ. ಗಂಡು ಹೆಣ್ಣು ಕೂಡಬೇಕು. ಹೆಣ್ಣು ಎಲೆಯ ಅಡಿಭಾಗದಲ್ಲಿ, ಹೇನಿನ ಗುಂಪಿನ ಹತ್ತಿರ, ಹಳದಿ ಮೊಟ್ಟೆಗಳನ್ನು ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿ ಇಡುತ್ತದೆ. ಮೂರು ದಿನದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಮರಿಹುಳು ನಾಲ್ಕು ಹಂತ ದಾಟಿ, ಬಾಲದ ತುದಿಯನ್ನು ಎಲೆಗೆ ಅಂಟಿಸಿಕೊಂಡು ಕೋಶವಾಗುತ್ತದೆ. ಕೋಶದೊಳಗೆ ಇಡೀ ಮೈ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮೊಟ್ಟೆಯಿಂದ ರೆಕ್ಕೆಯ ಹುಳುವಾಗಲು ಸುಮಾರು ಎರಡು ವಾರ ಬೇಕು. ಹೊರಬಂದ ಹುಳು ತಿಂದು, ಕೂಡಿ, ಮೊಟ್ಟೆ ಇಡಲು ಮತ್ತೆ ಕೆಲವು ದಿನ. ಒಟ್ಟು ಹೆಚ್ಚುಕಮ್ಮಿ ಮೂರು ವಾರ. ಅದೇ ಮೂರು ವಾರದಲ್ಲಿ ನಮ್ಮ ಊಹೆಯ ಒಂದು ಹೇನು 771 ಆಗಿತ್ತಲ್ಲ. ಇಲ್ಲಿ ಒಂದು ಮೊಟ್ಟೆ ಒಂದು ಹುಳುವಾಗಿದೆ, ಅಷ್ಟೇ. ಆಮೇಲೆ ಅದು ನೂರಾರು ಮೊಟ್ಟೆ ಇಡಬಲ್ಲದು, ಒಂದೆರಡು ತಿಂಗಳು ಬದುಕಬಲ್ಲದು. ಆದರೆ ಶುರುವಿನಲ್ಲಿ ಬಹಳ ಹಿಂದೆ ಬಿದ್ದಿರುತ್ತದೆ.

ಹಾಗಂತ ಅದರ ಮೈ ಕಡಿಮೆಯದ್ದಲ್ಲ. ಹೇನಿನ ಚರ್ಮ ಮೆತ್ತಗೆ, ಬೆರಳು ತಾಗಿದರೆ ಹಿಸುಕಿ ಹೋಗುತ್ತದೆ. ಗುಲಗಂಜಿ ಹುಳುವಿನ ಮುಂದಿನ ಜೋಡಿ ರೆಕ್ಕೆ ಗಟ್ಟಿ ಹೊದಿಕೆಯಾಗಿದೆ. ಹಾರುವ ರೆಕ್ಕೆ ಅದರಡಿ ಮಡಿಸಿಕೊಂಡಿರುತ್ತದೆ. ಹೇನಿನ ಬೆನ್ನ ಹಿಂದೆ ಎರಡು ಪುಟ್ಟ ಕೊಳವೆಗಳಿವೆ, ಲೆನ್ಸ್ ಹಿಡಿದರೆ ಕಾಣುತ್ತವೆ. ಯಾರಾದರೂ ಹಿಡಿದಾಗ ಅಲ್ಲಿಂದ ಒಂದು ಹನಿ ಹೊರಡುತ್ತದೆ. ಅದರ ವಾಸನೆಗೆ ಪಕ್ಕದ ಹೇನುಗಳು ಎಚ್ಚೆತ್ತು ನಡೆದುಹೋಗುತ್ತವೆ, ಇಲ್ಲವೇ ಕೆಳಗೆ ಬೀಳುತ್ತವೆ. ಹಿಡಿಸಿಕೊಂಡದ್ದು ಉಳಿಯುವುದು ಕಷ್ಟ, ಅಕ್ಕಪಕ್ಕದವು ಉಳಿಯಬಹುದು. ಗುಲಗಂಜಿ ಹುಳುವನ್ನು ಹಿಡಿದರೆ ಅದೂ ಒಂದು ಹನಿ ಬಿಡುತ್ತದೆ, ಕಾಲಿನ ಗೆಣ್ಣುಗಳಿಂದ, ಹಳದಿ ಬಣ್ಣದ್ದು. ಕಹಿ, ಕೆಟ್ಟ ವಾಸನೆ. ಅದು ತನ್ನನ್ನೇ ಉಳಿಸಿಕೊಳ್ಳಲು. ಒಂದೇ ಥರದ ಉಪಾಯ, ಆದರೆ ಉಳಿಯುವವರು ಬೇರೆ. ಹೇನುಗಳ ಗುಂಪು ಬಹುಪಾಲು ಒಬ್ಬಳೇ ತಾಯಿಯ ಪಡಿಯಚ್ಚು. ಹಾಗಾಗಿ ಒಂದು ಸತ್ತು ನಾಲ್ಕು ಉಳಿದರೂ ಆ ವಂಶಕ್ಕೆ ನಷ್ಟವಿಲ್ಲ. ನನಗೆ ಈ ಹೋಲಿಕೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಮರಿಹುಳುವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉದ್ದನೆ ಮೈ, ಕಪ್ಪು ಬೂದು ಬಣ್ಣ, ಬೆನ್ನ ಮೇಲೆ ಬಿಳಿ ಹಳದಿ ಮಚ್ಚೆ, ಚುರುಕಾದ ಆರು ಕಾಲು. ತಾಯಿಯ ಹಾಗೆ ಒಂಚೂರೂ ಇಲ್ಲ. ಇದನ್ನು ಬೆಳೆ ತಿನ್ನುವ ಹುಳು ಅಂದುಕೊಂಡು ಹೊಸಕಿ ಹಾಕುವವರು ತುಂಬ ಜನ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲೇ. ಯಾಕೆಂದರೆ ಹೊಟ್ಟೆಬಾಕತನದಲ್ಲಿ ಇದು ಯಾರಿಗೂ ಕಡಿಮೆಯಿಲ್ಲ. ಬೆಳೆದು ಮುಗಿಯುವುದರೊಳಗೆ ನೂರಾರು ಹೇನು ತಿನ್ನುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಕೊನೆಯ ಹಂತದಲ್ಲಿ. ಚಿಕ್ಕ ಮರಿ ಹೇನಿನ ಮೈ ತೂತು ಮಾಡಿ ರಸ ಹೀರಿ ತೊಗಲು ಬಿಡುತ್ತದೆ. ದೊಡ್ಡದು ಕಾಲು ಮೀಸೆ ಸಮೇತ ಅಗಿದು ನುಂಗುತ್ತದೆ.

ಇದು ಹೇನನ್ನು ಹುಡುಕುವ ರೀತಿ ನೋಡಬೇಕು. ದೂರದಿಂದ ಕಾಣುವುದಿಲ್ಲ, ಬಹುತೇಕ ಮೈಗೆ ತಾಗಿದಾಗಲೇ ಗೊತ್ತಾಗುವುದು. ಹಸಿದಿರುವಾಗ ಎಲೆಯ ನರ, ಎಲೆಯ ಅಂಚು ಹಿಡಿದು ನೇರವಾಗಿ, ಬೇಗಬೇಗ ನಡೆಯುತ್ತದೆ. ಒಂದು ಹೇನು ಸಿಕ್ಕಿತೋ, ತಿಂದು ಮುಗಿಸಿದ ಮೇಲೆ ನಡಿಗೆ ಬದಲಾಗುತ್ತದೆ. ನಿಧಾನ ಮಾಡಿ, ಅಲ್ಲಲ್ಲೇ ತಿರುಗಿ ತಿರುಗಿ ಹುಡುಕುತ್ತದೆ. ಹೇನು ಗುಂಪಾಗಿ ಇರುವುದರಿಂದ ಒಂದು ಸಿಕ್ಕ ಕಡೆ ಇನ್ನೊಂದು ಇದ್ದೇ ಇರುತ್ತದೆ. ಸ್ವಲ್ಪ ಹೊತ್ತು ಏನೂ ಸಿಗದಿದ್ದರೆ ಮತ್ತೆ ನೇರ ನಡಿಗೆ. ಲೆನ್ಸ್ ಕೂಡ ಬೇಡ, ಹತ್ತು ನಿಮಿಷ ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಈ ಬದಲಾವಣೆ ಕಾಣುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಬದನೆ ಗಿಡದ ಮೇಲೆ ಇಂಥದ್ದೇ ದುಂಡು ಹುಳು ಸಿಗುತ್ತದೆ. ಮಂಕು ಕಂದು ಬಣ್ಣ, ಬೆನ್ನ ಮೇಲೆ ಸಣ್ಣ ರೋಮ, ತುಂಬ ಚುಕ್ಕೆ, ಸಾಮಾನ್ಯವಾಗಿ 28. ಅದೂ ಗುಲಗಂಜಿ ಹುಳುವಿನ ಕುಟುಂಬದ್ದೇ, ಆದರೆ ತಿನ್ನುವುದು ಎಲೆ. ಎಲೆಯ ಹಸಿರನ್ನು ಕೆರೆದು ಜರಡಿ ಮಾಡಿಬಿಡುತ್ತದೆ. ಹೊಳಪಿದ್ದರೆ ನಮ್ಮದು, ಮಂಕಾಗಿ ರೋಮ ಇದ್ದರೆ ಬದನೆಯದು ಅಂತ ನೆನಪಿಟ್ಟುಕೊಂಡರೆ ಬಹುಮಟ್ಟಿಗೆ ಸಾಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹುಳು ಇದ್ದೂ ಹೇನು ಯಾಕೆ ಗೆಲ್ಲುತ್ತದೆ? ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿದ್ದ ಆಂಥೊನಿ ಡಿಕ್ಸನ್ ಎಂಬ ವಿಜ್ಞಾನಿ ಹೇನು ಮತ್ತು ಗುಲಗಂಜಿ ಹುಳುಗಳ ಮೇಲೆ ಬಹಳ ವರ್ಷ ಕೆಲಸ ಮಾಡಿದವರು. ತಾಯಿ ಹುಳುವಿನ ಕಡೆಯಿಂದ ಯೋಚಿಸಿ ಅನ್ನುವುದು ಅವರ ವಾದದ ತಿರುಳು. ಒಂದು ಕುಡಿಯ ಮೇಲೆ ಹೇನಿನ ಗುಂಪು ಕೆಲವೇ ವಾರ ಇರುತ್ತದೆ. ಏರುತ್ತದೆ, ತುಂಬುತ್ತದೆ, ರೆಕ್ಕೆ ಬಂದು ಖಾಲಿಯಾಗುತ್ತದೆ. ತಾಯಿ ತಡವಾಗಿ ಮೊಟ್ಟೆ ಇಟ್ಟರೆ ಮರಿ ದೊಡ್ಡದಾಗುವ ಹೊತ್ತಿಗೆ ಊಟ ಇರುವುದಿಲ್ಲ. ಆಗ ಮರಿಗಳು ಒಂದನ್ನೊಂದು ತಿನ್ನುತ್ತವೆ. ಈ ಹುಳುಗಳಲ್ಲಿ ಅದು ಅಪರೂಪವೇನಲ್ಲ. ಮೊದಲು ಒಡೆದ ಮೊಟ್ಟೆಯ ಮರಿ ಪಕ್ಕದ ಮೊಟ್ಟೆಯನ್ನೇ ಮೊದಲ ತುತ್ತಾಗಿ ತಿನ್ನುವುದುಂಟು. ಹಾಗಾಗಿ ತಾಯಿ ಗುಂಪು ಚಿಕ್ಕದಿರುವಾಗಲೇ ಮೊಟ್ಟೆ ಇಡಲು ನೋಡುತ್ತದೆ. ಬೇರೆ ಮರಿಗಳು ಓಡಾಡಿದ ವಾಸನೆ ಎಲೆಯ ಮೇಲೆ ಇದ್ದರೆ ಅಲ್ಲಿ ಇಡದೆ ಮುಂದಕ್ಕೆ ಹೋಗುತ್ತದೆ.

ಇದರ ಅರ್ಥ ಏನು? ಹೇನು ಜಾಸ್ತಿಯಾದಷ್ಟೂ ಮೊಟ್ಟೆ ಜಾಸ್ತಿ ಆಗಿಬಿಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ತಾಯಿಗೆ ಅದು ಬೇಕಿಲ್ಲ. ತನ್ನ ಮರಿ ಬದುಕಬೇಕು, ಅಷ್ಟೇ ಅದರ ಚಿಂತೆ. ನಮ್ಮ ಅವರೆಯನ್ನು ಕಾಪಾಡುವ ಗುತ್ತಿಗೆ ಅದು ಹಿಡಿದಿಲ್ಲ.

ಗೆದ್ದ ಗುಲಗಂಜಿ ಹುಳುಗಳೂ ಇವೆ, ಅಲ್ಲಿಯೂ ದಿನದ ಲೆಕ್ಕವೇ ಕೆಲಸ ಮಾಡಿದ್ದು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಐಸೀರಿಯಾ ಎಂಬ ಶಲ್ಕ ಕೀಟದಿಂದ ಹಾಳಾಗುತ್ತಿದ್ದವು. ಆಲ್ಬರ್ಟ್ ಕೋಬೆಲೆ ಎಂಬವರನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು. 1888-89ರಲ್ಲಿ ಅವರು ಕಳಿಸಿದ ರೊಡೋಲಿಯಾ ಎಂಬ ಪುಟ್ಟ ಕೆಂಪು ಗುಲಗಂಜಿ ಹುಳು, ಕೆಲವೇ ನೂರರಿಂದ ಶುರುವಾಗಿ, ಒಂದೆರಡು ವರ್ಷದಲ್ಲಿ ಆ ಕೀಟವನ್ನು ಅಡಗಿಸಿತು. ಮುಂದೆ ಅದನ್ನೇ ನೀಲಗಿರಿಗೂ ತಂದರು. ಶಲ್ಕ ಕೀಟ ಕದಲದೆ ಒಂದೇ ಕಡೆ ಇರುತ್ತದೆ, ನಿಧಾನವಾಗಿ ಬೆಳೆಯುತ್ತದೆ. ರೊಡೋಲಿಯಾ ಅದಕ್ಕಿಂತ ಬೇಗ ಬೆಳೆಯುತ್ತದೆ. ಹೇನಿನ ವಿಷಯದಲ್ಲಿ ಇದು ಉಲ್ಟಾ, ಅಲ್ವಾ?

ನಮ್ಮಲ್ಲಿ ಇನ್ನೊಂದು ಇದೆ, ಕ್ರಿಪ್ಟೋಲೀಮಸ್. 1898ರಲ್ಲಿ ಕಾಫಿಯ ಹಸಿರು ಶಲ್ಕಕ್ಕೆಂದು ಆಸ್ಟ್ರೇಲಿಯಾದ ಈ ಹುಳುವನ್ನು ಭಾರತಕ್ಕೆ ತಂದರು. ಆ ಕೆಲಸಕ್ಕೆ ಆಗಲಿಲ್ಲ, ಆದರೆ ಇಲ್ಲೇ ನೆಲೆ ನಿಂತು ಹಿಟ್ಟು ತಿಗಣೆ ತಿನ್ನತೊಡಗಿತು. ಇವತ್ತು ಪ್ರಯೋಗಾಲಯಗಳಲ್ಲಿ ಸಿಹಿಗುಂಬಳದ ಮೇಲೆ ಹಿಟ್ಟು ತಿಗಣೆ ಬೆಳೆಸಿ, ಅದರ ಮೇಲೆ ಈ ಹುಳುವನ್ನು ಸಾಕಿ, ಕಾಫಿ, ದ್ರಾಕ್ಷಿ, ಸೀಬೆ ತೋಟಗಳಿಗೆ ಬಿಡುತ್ತಾರೆ. ಇದರ ಮರಿ ಬಿಳಿ ಮೇಣ ಹೊದ್ದು ನೋಡಲು ಥೇಟ್ ಹಿಟ್ಟು ತಿಗಣೆ. ಅದನ್ನೂ ಗೊತ್ತಿಲ್ಲದೆ ಕೊಲ್ಲುತ್ತಾರೆ.

ಹಾಗಾದರೆ ಅವರೆ ಹೊಲದಲ್ಲಿ ಗುಲಗಂಜಿ ಹುಳು ಇದ್ದು ಏನು ಪ್ರಯೋಜನ ಅಂತ ನೀವು ಕೇಳಬಹುದು. ಪ್ರಯೋಜನ ಇದೆ, ಮೊದಲೇ ಬಂದರೆ. ಊಹೆಯ ಲೆಕ್ಕ ನೆನಪಿಸಿಕೊಳ್ಳಿ. 36 ಇರುವಾಗ ಎರಡು ಮರಿಹುಳು ಸಿಕ್ಕರೆ ಗುಂಪು ಅಲ್ಲೇ ಮುಗಿಯುತ್ತದೆ. 771 ಆದ ಮೇಲೆ ಹತ್ತು ಬಂದರೂ ಕಷ್ಟ. ಮೊದಲೇ ಬರಬೇಕಾದರೆ ಅದು ಹತ್ತಿರದಲ್ಲೇ ಎಲ್ಲೋ ತಿಂದುಕೊಂಡು ಇರಬೇಕು. ಈ ಜಾತಿಗೆ ಕರಿಹೇನೇ ಆಗಬೇಕು ಅಂತಿಲ್ಲ. ಜೋಳದ ಹೇನು, ಸಾಸಿವೆಯ ಹೇನು, ಹತ್ತಿಯ ಹೇನು ಎಲ್ಲವೂ ಆಗುತ್ತದೆ. ಹಳೇ ಮೈಸೂರು ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರಲ್ಲ, ಅವರೆ, ಜೋಳ, ಸಾಸಿವೆ, ಹುಚ್ಚೆಳ್ಳು, ತೊಗರಿ ಎಲ್ಲ ಬೆರೆಸಿ? ಅಲ್ಲಿ ಜೋಳದ ಸುಳಿಯಲ್ಲಿ ಹೇನು ತಿಂದು ಬೆಳೆದ ಹುಳು ಅವರೆ ಹೂ ಬಿಡುವ ಹೊತ್ತಿಗೆ ಪಕ್ಕದ ಸಾಲಿಗೆ ದಾಟಿದರೆ ಸಾಕು. ಬರೀ ಅವರೆ ಇರುವ ಹೊಲದಲ್ಲಿ ಆ ಮೊದಲ ಊಟ ಸಿಗುವುದಿಲ್ಲ.

ಅದು ಒಂಟಿಯೂ ಅಲ್ಲ. ಸಿರ್ಫಿಡ್ ನೊಣದ ಮರಿ, ಜಾಲರೆಕ್ಕೆ ಕೀಟದ ಮರಿ, ಹೇನಿನೊಳಗೆ ಮೊಟ್ಟೆ ಇಡುವ ಸಣ್ಣ ಕಣಜ, ಎಲ್ಲ ಸೇರಿ ಕೆಲಸ ಮಾಡುತ್ತವೆ. ಜೋರು ಮಳೆಯೂ ತೊಳೆದು ಹಾಕುತ್ತದೆ. 2002ರಲ್ಲಿ ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಂದು ಗಾಬರಿ ಎಬ್ಬಿಸಿತ್ತು, ಇಲ್ಲಿ ಕೆಲವರಿಗೆ ನೆನಪಿರಬಹುದು. ಅಲ್ಲಿ ಮುಖ್ಯವಾಗಿ ಕೈಹಿಡಿದದ್ದು ಡೈಫಾ ಎಂಬ ಪತಂಗದ ಮರಿ ಮತ್ತು ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆ ಕೀಟ. ಗುಲಗಂಜಿ ಹುಳುವಿಗೆ ಎಲ್ಲದರ ಕೀರ್ತಿ ಕೊಡುವುದು ಸರಿಯಲ್ಲ.

ಔಷಧದ ವಿಷಯ. ಕಂಡಕೂಡಲೇ ಹೊಡೆದರೆ ಎರಡೂ ಸಾಯುತ್ತವೆ. ನೂರರಲ್ಲಿ ಐದು ಹೇನು ಎಲೆ ಮಡಿಕೆಯಲ್ಲಿ ಉಳಿದವು ಅಂದುಕೊಳ್ಳಿ. ಅವಕ್ಕೆ ಗಂಡು ಬೇಡ, ಹುಡುಕಾಟ ಬೇಡ, ಎರಡು ವಾರದಲ್ಲಿ ನೂರು ದಾಟುತ್ತವೆ. ಉಳಿದ ಐದು ಗುಲಗಂಜಿ ಹುಳುವಿಗೆ ತಿನ್ನಲು ಇಲ್ಲ, ಅವು ಹಾರಿ ಹೋಗುತ್ತವೆ. ಎರಡನೇ ಸಲ ಏಳುವ ಹೇನಿಗೆ ಎದುರಾಳಿಯೇ ಇರುವುದಿಲ್ಲ. ಆಗ ಮತ್ತೆ ಹೊಡೆಯಬೇಕಾಗುತ್ತದೆ. ಹೊಡೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಹೂ ಉದುರುವಷ್ಟು, ಕಾಯಿ ಮುರುಟುವಷ್ಟು ಬಿದ್ದಾಗ ರೈತ ಕೈಕಟ್ಟಿ ಕೂರಲು ಆಗುವುದಿಲ್ಲ. ಆದರೆ ಮೊದಲ ಹೇನು ಕಂಡಾಗ ಒಂದು ಸುತ್ತು ಹೋಗಿ, ಮರಿಹುಳು, ಕೋಶ, ಹಳದಿ ಮೊಟ್ಟೆ ಎಷ್ಟಿವೆ ನೋಡಿ. ಕಣ್ಣಿಗೆ ಕಾಣುವಷ್ಟು ಇದ್ದರೆ ಮೂರು ನಾಲ್ಕು ದಿನ ತಡೆದು, ಅದೇ ಗಿಡಗಳನ್ನು ಮತ್ತೆ ನೋಡಿ.

ಕೈತೋಟದವರು ಒಬ್ಬರು ಆಗಲೇ ಕೇಳಿದರು, ಹುಳು ಕೊಂಡು ತಂದು ಬಿಡಬಹುದಾ ಅಂತ. ಹಿಟ್ಟು ತಿಗಣೆಗೆ ಕ್ರಿಪ್ಟೋಲೀಮಸ್ ತಂದು ಬಿಡಬಹುದು. ನಾಲ್ಕು ಗಿಡದ ಅವರೆ ಚಪ್ಪರಕ್ಕೆ ಅದೆಲ್ಲ ಬೇಡ, ದೊಡ್ಡ ಹುಳು ಬಿಟ್ಟರೆ ಹಾರಿಹೋಗುತ್ತದೆ. ಹೇನು ತುಂಬಿದ ತುದಿಯನ್ನು ಚಿವುಟಿ ತೆಗೆಯಿರಿ, ಉಳಿದದ್ದಕ್ಕೆ ಪೈಪಿನಿಂದ ರಭಸವಾಗಿ ನೀರು ಬಿಡಿ, ಇರುವೆ ಹತ್ತುವ ದಾರಿ ತಪ್ಪಿಸಿ. ಚಿವುಟುವ ಮುಂಚೆ ಎಲೆ ಮಗುಚಿ ನೋಡಿ. ಹಳದಿ ಮೊಟ್ಟೆ ಇದ್ದರೆ ಆ ಎಲೆಯನ್ನು ಹೇನಿರುವ ಬೇರೆ ಕುಡಿಗೆ ದಾರದಲ್ಲಿ ಕಟ್ಟಿ. ಎಲೆ ಬಾಡಿದರೂ ಚಿಂತೆಯಿಲ್ಲ, ಒಡೆದು ಬಂದ ಮರಿ ನಡೆದುಕೊಂಡು ಹೇನಿರುವ ಕಡೆ ಹೋಗುತ್ತದೆ.